ಬಂಗಾರಿಯವರ ವಿಮಾನ ಎದುರು ಬರುವಾಗ

ಪುಟ್ಟ ವಿಮಾನದ ರೆಕ್ಕೆಯನ್ನು ಒಡಲಿಗೆ ಬಿಗಿಯುವ ರಬ್ಬರ್ ಬ್ಯಾಂಡುಗಳಲ್ಲಿ ಅರ್ಧ ಹಾಕಿಯಾಗಿದೆ. ಉಳಿದವು ಬಂಗಾರಿ ಅಂಬಿಗರ ಮುಂಗೈಯಲ್ಲಿ, ಬಳೆಗಳ ಜೊತೆ ಕಾಯುತ್ತಿವೆ. ಹಿರೇಗುತ್ತಿಯ ಗದ್ದೆಬಯಲಿನಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ಕಡಲ ಗಾಳಿ ಏಳುವ ಮೊದಲೇ ಹಾರಿಸಿ ಇಳಿಸಬೇಕು. ನೋಡಲು ನಾನೂ ಬಂದಿದ್ದೇನೆ.

"ಬಂಗಾರಕ್ಕ, ಇವತ್ತು ಇಳ್ಸೂದು ನೀವೇ," ಎನ್ನುತ್ತಾರೆ ಪಕ್ಕದಲ್ಲಿ ನಿಂತ ಸುಧಾಕರ ಮಾಸ್ತರು. "ನಾ ಕೈ ಹಾಕೂದಿಲ್ಲ."

"ಮುರ್ದ್ರೆ?"

"ಮುರಿಲಿ. ಅಂಟ್ಸಿದ್ರೆ ಆತು."

"ಅಂಟ್ಸೂದು ನಾನು, ಹೇಳೂದು ನೀವು!"

ನಲವತ್ತಾರರ ಬಂಗಾರಿ ಅಘನಾಶಿನಿ ನದಿಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆಯ್ದು ಬದುಕುವವರು. ನೀರು ಇಳಿದ ಹೊತ್ತಿನಲ್ಲಿ ಸೊಂಟಮಟ್ಟದ ನೀರಲ್ಲಿ ನಿಂತು, ಪಾದದಿಂದಲೇ ಚಿಪ್ಪು ಗುರುತಿಸಿ, ಬಾಗಿ ತೆಗೆದು, ಬುಟ್ಟಿ ತುಂಬಿಸುತ್ತಾರೆ. ಗಂಡ ತೀರಿಕೊಂಡ ಮೇಲೆ ಮಶೀನ್ ದೋಣಿಯ ಚುಕ್ಕಾಣಿಯೂ ಅವರ ಕೈಗೇ ಬಂದಿದೆ.

ಎರಡು ಬೇಸಿಗೆಯ ಹಿಂದೆ ಕುಮಟಾದ ಸುಧಾಕರ ಮಾಸ್ತರು ರಿಮೋಟಿನಲ್ಲಿ ಹಾರಿಸುತ್ತಿದ್ದ ಪುಟ್ಟ ವಿಮಾನ ಹೊಳೆಯಂಚಿನ ಉಪ್ಪುನೀರಲ್ಲಿ ಬೇರುಬಿಟ್ಟ ಕಾಂಡ್ಲಾ ಗಿಡಗಳ ನಡುವೆ ಬಿತ್ತು. ದೋಣಿ ನುಗ್ಗಿಸಿ ತಂದುಕೊಟ್ಟವರು ಬಂಗಾರಿ. "ಎಂತ ಕೊಡೂದು ಅಕ್ಕ ಅಂತ ಕೇಳ್ದ್ರು. ಎಂತದೂ ಬ್ಯಾಡ, ಒಂದ್ಸಲ ನನ್ನ ಕೈಗೆ ಕೊಡಿ ಅಂದೆ. ಮಾಸ್ತರಿಗೆ ನಗು ಬಂತು. ನಂಗೆ ಬರ್ಲಿಲ್ಲ."

ಮಾಸ್ತರು ಕೂಡಲೇ ರಿಮೋಟ್ ಕೊಡಲಿಲ್ಲ. ಮೊದಲು ಯಂತ್ರವಿಲ್ಲದ ವಿಮಾನವನ್ನು ಕೈಯಿಂದ ಎಸೆಯುವುದು. ಅದು ಮೂಗು ಕುಕ್ಕದೆ ತೇಲುವವರೆಗೆ ಬರೀ ಎಸೆಯುವುದು. ಆಮೇಲೆ ಯಂತ್ರ ಹೂಡಿ, ಎತ್ತರದಲ್ಲಿ ನೆಟ್ಟಗೆ ಹಾರಿಸುವುದು. ಎತ್ತರವಿದ್ದರೆ ತಪ್ಪು ತಿದ್ದಿಕೊಳ್ಳಲು ಹೊತ್ತು ಸಿಗುತ್ತದೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ತಿರುಗಿಸುವ ಪಾಠ ಬಂದಾಗ ವಿಮಾನ ದಿನಾ ನೆಲಕ್ಕೆ ಬಿತ್ತು.

ತಪ್ಪು ದೋಣಿಯದು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೊರಳುತ್ತದೆ. ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ವಿಮಾನ ಎಡಕ್ಕೇ ಹೋಗುತ್ತದೆ. "ಕೈಗೆ ದೋಣಿ ಗೊತ್ತು, ಇದು ಗೊತ್ತಿಲ್ಲಾಗಿತ್ತು," ಎನ್ನುತ್ತಾರೆ. ನಾದಿನಿ ಗಣಪಿ ಊರಿಡೀ ಹೇಳಿಕೊಂಡು ಬಂದಳು: "ನಮ್ಮತ್ತಿಗೆ ವಿಮಾನ ಹಾರ್ಸೂದಲ್ಲ ಮಾರಾಯ್ತಿ, ಗದ್ದೆ ಉಳೂದು!"

ಆದರೆ ವಿಮಾನ ಮೂಗು ತಿರುಗಿಸಿ ನಮ್ಮ ಕಡೆಗೇ ಬರುವಾಗ ಎಡಬಲ ಅದಲುಬದಲಾಗುತ್ತದೆ. ಅದರ ಎಡ ನಮ್ಮ ಬಲ. ಹೊಸಬರೆಲ್ಲ ಕಂಗೆಡುವುದು ಅಲ್ಲೇ. ಬಂಗಾರಿಯವರ ಕೈ ಮಾತ್ರ ಅಲ್ಲಿ ಒಮ್ಮೆಯೂ ತಪ್ಪಲಿಲ್ಲ. ಅದು ದೋಣಿಯ ಲೆಕ್ಕವೇ. ದೂರ ಹೋಗುವ ವಿಮಾನವನ್ನಷ್ಟೇ ಅವರು ಹೊಸದಾಗಿ ಕಲಿಯಬೇಕಾಯಿತು, ಕಲಿತರು. ಮೀನಿನ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ಕೊಯ್ದು ಸ್ವಂತದ್ದೊಂದನ್ನು ಮಾಡಿಕೊಂಡರು.

ಉಳಿದದ್ದು ಇಳಿಸುವುದೊಂದೇ. ಪ್ರತಿ ಸಲವೂ ನೆಲ ಹತ್ತಿರವಾದಾಗ "ಹಿಡೀರಿ ಮಾಸ್ತ್ರೆ" ಎಂದು ರಿಮೋಟ್ ಅವರಿಗೆ ಕೊಟ್ಟುಬಿಡುತ್ತಿದ್ದರು. ಕೊನೆಯ ಗಳಿಗೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ನಮ್ಮಲ್ಲಿ ಎಷ್ಟು ಹೆಂಗಸರಿಗೆ ರೂಢಿ! ಇಂದು ಭಾನುವಾರ. ಮಂಗಳವಾರ ಈ ಗದ್ದೆಗೆ ಟಿಲ್ಲರ್ ಇಳಿಯುತ್ತದೆ. ಆಮೇಲೆ ಭತ್ತದ ಕೊಯ್ಲಿನವರೆಗೆ ವಿಮಾನ ಇಳಿಯಲು ಸಮತಟ್ಟು ನೆಲವಿಲ್ಲ.

ವಿಮಾನ ಗದ್ದೆಯಿಂದ ಎದ್ದು, ಹೊಳೆಯ ಮೇಲೆ ಸುತ್ತಿ, ಇಳಿಯಲು ಬರುತ್ತದೆ. ತೀರಾ ಎತ್ತರ. ಮಾಸ್ತರ ಕೈ ತಾನಾಗಿ ಮುಂದೆ ಬರುತ್ತದೆ. ಬಂಗಾರಿ ಭುಜ ಅಡ್ಡ ಕೊಡುತ್ತಾರೆ.

"ಕೈ ಹಾಕೂದಿಲ್ಲ ಅಂದಿದ್ರಿ."

ವೇಗ ಏರಿಸಿ ಮತ್ತೊಂದು ಸುತ್ತು ತರುತ್ತಾರೆ. ಈ ಸಲ ತಗ್ಗಿನಲ್ಲಿ, ನೇರ ನಮ್ಮೆದುರಿಗೆ. ಎಡರೆಕ್ಕೆ ವಾಲುತ್ತದೆ, ಸರಿಹೋಗುತ್ತದೆ. ಬದುವಿನ ಮೇಲಿಂದ ಜಾರಿ, ಗಾಲಿ ನೆಲ ಮುಟ್ಟಿ, ಒಂದು ಸಲ ಪುಟಿದು, ಕೂಳೆಗಳ ನಡುವೆ ಓಡಿ ನಿಲ್ಲುತ್ತದೆ. ರೆಕ್ಕೆ ಇದ್ದಲ್ಲೇ ಇದೆ.

"ಅತ್ತಿಗೇ, ಉಳ್ಲಿಲ್ಲ! ಇಳೀತು!" ನೋಡಲು ಬಂದಿದ್ದ ಗಣಪಿ ಬದುವಿನ ಮೇಲೆ ಕುಣಿಯುತ್ತಾಳೆ.

ಬಂಗಾರಿ ನಗುವುದು ಆಮೇಲೆ, ವಿಮಾನವನ್ನು ಎತ್ತಿ ಎದೆಗಾನಿಸಿಕೊಂಡ ಮೇಲೆ. "ನಾನೇ ಇಳ್ಸಿದ್ದು," ಎಂದು ನನಗೆ ಹೇಳುತ್ತಾರೆ, ನಾನು ನೋಡಿಯೇ ಇಲ್ಲವೆಂಬಂತೆ.

ಮಾಸ್ತರು ಸಾಮಾನು ಕಟ್ಟುತ್ತಾರೆ. ನಾಳೆ ಅವರು ಭಟ್ಕಳಕ್ಕೆ ನೆಂಟರ ಮದುವೆಗೆ ಹೋಗಬೇಕು. "ಬ್ಯಾಟರಿ ಕೊಡಿ ಅಕ್ಕ. ಮಳೆಗಾಲಕ್ಕೆ ಚಾರ್ಜ್ ಇಳ್ಸಿ ಇಡ್ಬೇಕು. ಈ ವರ್ಷದ್ದು ಮುಗೀತಲ್ಲ."

ಬಂಗಾರಿ ಗದ್ದೆಯನ್ನೊಮ್ಮೆ, ಮಾಸ್ತರನ್ನೊಮ್ಮೆ ನೋಡುತ್ತಾರೆ.

"ಮಂಗಳವಾರ ಕೊಡ್ತೆ ಮಾಸ್ತ್ರೆ."

ನಡುವೆ ಸೋಮವಾರದ ಬೆಳಗೊಂದಿದೆ, ಪಕ್ಕದಲ್ಲಿ ಯಾರೂ ನಿಲ್ಲದ ಬೆಳಗು. ಬಂಗಾರಿ ಬ್ಯಾಟರಿಯನ್ನೂ ರಿಮೋಟನ್ನೂ ಊಟದ ಚೀಲದೊಳಗೆ ಇಳಿಬಿಟ್ಟು ಹೊಳೆಯತ್ತ ನಡೆಯುತ್ತಾರೆ.