ಸೊಸೆಗೂ ಬೇಕಿತ್ತು ನಾಲ್ಕು ಪದ

"ಅತ್ತೆ, ಜಗಳಗಂಟಿ ಅನ್ನೋದಕ್ಕೆ ಬೇರೆ ಪದ ಇದ್ರೆ ಹೇಳಿ," ಎಂದು ಪೆನ್ನು ಹಿಡಿದೇ ಕೂಗಿದೆ. ವಾರಪತ್ರಿಕೆಗೆ ನನ್ನ ಮೊದಲ ಕತೆ ಬರೆಯುತ್ತಿದ್ದೆ. ಜಾವಗಲ್ಲಿನ ನಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಅತ್ತೆಗೆ ಭಾರೀ ಹುರುಪು ಬಂತು.

"ಘಟವಾಣಿ, ಗಯ್ಯಾಳಿ, ಗಂಟುಮೋರೆಯೋಳು... ಯಾರೇ ಅವ್ಳು?"

"ಕತೇಲಿ ಬರೋ ಅತ್ತೆ," ಎಂದುಬಿಟ್ಟೆ.

ಕಾಯಿ ತುರಿಯುವ ಸದ್ದು ನಿಂತಿತು. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನೆದುರೇ ಕೂತರು.

"ಸರಿ, ಈಗ ಸೊಸೆಗೆ ಬರ್ಕೋ. ಮೈಗಳ್ಳಿ, ಬಾಯಿಬಡಕಿ, ವಯ್ಯಾರಗಿತ್ತಿ... ನಿಧಾನಕ್ಕೆ ಹೇಳ್ಲಾ?"

ಅತ್ತೆ ಹೇಳಿದ್ದನ್ನೆಲ್ಲ ಸೇರಿಸಿದ ಕತೆ ಅಚ್ಚಾಯಿತು. ಮನೆಗೆ ಬಂದ ನೆಂಟರೆಲ್ಲ, ಸೊಸೆಯ ಪಾತ್ರವಂತೂ ಕಣ್ಣಿಗೆ ಕಟ್ಟಿದ ಹಾಗಿದೆ ಎಂದು ಹೊಗಳಿದರು. ಹಾಗೆಂದವರಿಗೆಲ್ಲ ಅತ್ತೆ ಇನ್ನೊಂದು ಲೋಟ ಕಾಫಿ ಕೊಟ್ಟರು.