ಗಾಂಜಾ ಕುರಿತು ಒಂದು ಭಾನುವಾರದ ಚರ್ಚೆ

ಪತ್ರಿಕೆಯ ಒಳಪುಟದಲ್ಲಿ, ಹರಿಕಥೆ ಮತ್ತು ಉಚಿತ ಕಣ್ಣಿನ ತಪಾಸಣೆಯ ನಡುವೆ, ಆ ಪ್ರಕಟಣೆಯಿತ್ತು: ಗಾಂಜಾ ಕಾನೂನುಬದ್ಧವಾಗಬೇಕೆ? ಸಾರ್ವಜನಿಕ ಚರ್ಚೆ, ಬಸವನಗುಡಿಯ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ, ಎಲ್ಲರಿಗೂ ಸ್ವಾಗತ. ಮಾತಾಡುವವರ ಸಾಲಿನಲ್ಲಿ ಕೊನೆಯ ಹೆಸರು ನನಗೆ ಗೊತ್ತಿದ್ದದ್ದು. ಆ ಹೆಸರಿನವನು ಒಂದು ಕಾಲದಲ್ಲಿ ನಮ್ಮನೆ ಅಡುಗೆಮನೆಯ ಕಟ್ಟೆ ಮೇಲೆ ಕೂತು, ಅಮ್ಮ ಕಾವಲಿಯಿಂದ ಎತ್ತಿದ ದೋಸೆಯನ್ನು ತಟ್ಟೆಗೆ ಹಾಕಿಸಿಕೊಂಡು ತಿನ್ನುತ್ತಿದ್ದ. ನನ್ನನ್ನು ಅಕ್ಕಾ ಅನ್ನುತ್ತಿದ್ದ. ನನ್ನ ತಮ್ಮನ ಗೆಳೆಯ.

ತೊಂಬತ್ತರ ದಶಕದಲ್ಲಿ ಅವರಿಬ್ಬರೂ ಡಿಗ್ರಿಯ ಕೊನೆಯ ವರ್ಷದಲ್ಲಿದ್ದರು. ಒಂದು ಸಂಜೆ ಪಾರ್ಕಿನ ಮೂಲೆಯ ಕಲ್ಲುಬೆಂಚಿನ ಮೇಲೆ ಗಾಂಜಾ ಸೇದುತ್ತ ಕೂತಿದ್ದಾಗ ಮಫ್ತಿಯಲ್ಲಿದ್ದ ಪೊಲೀಸರು ಹಿಡಿದರು. ಸೇದುತ್ತಿದ್ದದ್ದು ನಿಜ. ತಮ್ಮ ಅದನ್ನು ಯಾವತ್ತೂ ಇಲ್ಲ ಅನ್ನಲಿಲ್ಲ. ಇಬ್ಬರೂ ಸೇರಿ ಕೊಂಡಿದ್ದ ಒಂದು ಪೊಟ್ಟಣ ಅವನ ಶರ್ಟಿನ ಜೇಬಿನಲ್ಲಿತ್ತು.

ನಾನೂ ಅಪ್ಪನೂ ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ಗೆಳೆಯ ಮನೆಗೆ ಹೋಗಿಯಾಗಿತ್ತು. ಅವನಪ್ಪ ಕಂಟ್ರಾಕ್ಟರು, ಮಂತ್ರಿಗಳ ಮನೆಯಲ್ಲಿ ಹೇಳದೆ ಕೇಳದೆ ಒಳಗೆ ಹೋಗಿಬರುವಷ್ಟು ಸಲಿಗೆ ಇದ್ದವರು. ಕಾರಿನಲ್ಲಿ ಬಂದು ಮಗನನ್ನು ಕೂರಿಸಿಕೊಂಡು ಹೋಗಿದ್ದರು. ನಮ್ಮಪ್ಪ ಹೈಸ್ಕೂಲು ಮೇಷ್ಟ್ರು. ಅವರಿಗೆ ಗೊತ್ತಿದ್ದ ದೊಡ್ಡ ಮನುಷ್ಯರೆಂದರೆ ಅವರ ಹೆಡ್‌ಮಾಸ್ಟರು.

ಮರುದಿನ ಬೆಳಿಗ್ಗೆ ಅಪ್ಪ ಆ ಮನೆಗೆ ಹೊರಟರು. ಒಬ್ಬರನ್ನೇ ಕಳಿಸಲು ಧೈರ್ಯ ಸಾಲದೆ ನಾನೂ ಜೊತೆಗೆ ಹೋದೆ. ವರಾಂಡದಲ್ಲಿ ಕೂರಿಸಿ ಕಾಫಿ ಕೊಟ್ಟರು. ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದ್ದ ಅಪ್ಪ ಅವತ್ತು ತಾವೇ ಎದ್ದುನಿಂತು ಮಾತಾಡಿದರು.

"ನಿಮ್ಮ ಹುಡುಗನ ಥರಾನೇ ನಮ್ಮೋನೂ. ದಯವಿಟ್ಟು ಒಂದು ಮಾತು ಹೇಳಿ" ಎಂದರು.

"ಕೂತ್ಕೊಳ್ಳಿ ಮೇಷ್ಟ್ರೇ" ಎಂದರು ಅವರು. ದನಿಯಲ್ಲಿ ಒರಟುತನ ಇರಲಿಲ್ಲ. "ನಾನು ಕೇಳ್ದೆ. ಇಬ್ಬರನ್ನೂ ಬಿಡಕ್ಕಾಗಲ್ವಂತೆ. ಹಿಡಿದಿದ್ದನ್ನ ಪಾರ್ಕಲ್ಲಿ ಜನ ನೋಡ್ಬಿಟ್ಟಿದಾರೆ. ಪೊಲೀಸಿನೋರಿಗೆ ಒಬ್ರಾದ್ರೂ ಬೇಕಲ್ಲ?"

ಒಳಗಿನ ಕೋಣೆಯ ಬಾಗಿಲಿನ ಪರದೆಯ ಕೆಳಗೆ ಎರಡು ಪಾದಗಳು ಕಂಡವು. ತಮ್ಮನ ಗೆಳೆಯನವೇ. ಹೊರಗೆ ಬರಲಿಲ್ಲ.

ಜೇಬಿನಲ್ಲಿದ್ದ ಪೊಟ್ಟಣ ಪೊಲೀಸರು ಬರೆದ ಕೇಸಿನಲ್ಲಿ ಚೀಲವಾಗಿತ್ತು. ಅಷ್ಟು ತೂಕವನ್ನು ಹೊತ್ತು ಪಾರ್ಕಿಗೆ ಹೋಗಬೇಕಿದ್ದರೆ ತಮ್ಮ ಆಟೋ ಮಾಡಬೇಕಿತ್ತು. ಆದರೆ ತೂಕ ಹೆಚ್ಚಾದ ಮೇಲೆ ಅವನು ಸೇದುವವನಲ್ಲ, ಮಾರುವವನು. ಮಾರುವವನಿಗೆ ಮಾದಕವಸ್ತು ಕಾನೂನಿನಲ್ಲಿ ಜಾಮೀನು ಸಿಗುವುದು ಬಹಳ ಕಷ್ಟ ಎಂದು ವಕೀಲರು ಹೇಳಿದರು. ಅವರು ಹೇಳಿದಂತೆಯೇ ಆಯಿತು.

ಒಂದು ವರ್ಷಕ್ಕೂ ಹೆಚ್ಚು ಕಾಲ ಅಮ್ಮ ಮತ್ತು ನಾನು ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ಜೈಲಿಗೆ ನಡೆಯುತ್ತಿದ್ದೆವು. ಅಪ್ಪ ಒಂದು ಸಲವೂ ಬರಲಿಲ್ಲ. ಸುಲ್ತಾನ್‌ಪೇಟೆಯಿಂದ ನನ್ನ ಮದುವೆಯ ಪತ್ರಿಕೆಗಳು ಅಚ್ಚಾಗಿ ಬಂದ ವಾರವೇ ತಮ್ಮನನ್ನು ಹಿಡಿದದ್ದು. ಹುಡುಗನ ಸೋದರಮಾವ ಮನೆಗೆ ಬಂದು, ಹುಡುಗಿ ಬಗ್ಗೆ ನಮ್ಮದೇನೂ ತಕರಾರಿಲ್ಲ, ಹುಡುಗನ ತಾಯಿಗೆ ಬಿ.ಪಿ. ಜಾಸ್ತಿಯಾಗಿದೆ ಎಂದು ಹೇಳಿ, ಅಮ್ಮ ಕೊಟ್ಟ ಉಪ್ಪಿಟ್ಟನ್ನು ಪೂರ್ತಿ ತಿಂದು ಹೋದರು.

ಜೈಲಿನ ಜಾಲರಿಯ ಆಚೆಯಿಂದ ತಮ್ಮ ಪ್ರತಿ ಸಲ ಅದೇ ಕೇಳುತ್ತಿದ್ದ.

"ಮದ್ವೆ ಯಾವಾಗಕ್ಕಾ? ನನಗೋಸ್ಕರ ನಿಲ್ಲಿಸ್ಬೇಡಿ."

"ಮುಂದಕ್ಕೆ ಹಾಕಿದಾರೆ ಕಣೋ. ಆಷಾಢ ಕಳೀಲಿ" ಎನ್ನುತ್ತಿದ್ದೆ. ಆಷಾಢ ಕಳೆಯಿತು, ಧನುರ್ಮಾಸವೂ ಕಳೆಯಿತು. ಆಮೇಲೆ ಅವನೇ ಕೇಳುವುದನ್ನು ಬಿಟ್ಟ.

ಕೊನೆಗೆ ನ್ಯಾಯಾಧೀಶರು ಆ ತೂಕವನ್ನು ನಂಬಲಿಲ್ಲ. ಖುಲಾಸೆ. ಹಿಡಿದದ್ದನ್ನು ನೋಡಿದ್ದ ಜನರಲ್ಲಿ ಒಬ್ಬರಿಗೂ ಖುಲಾಸೆಯಾದದ್ದು ಗೊತ್ತಾಗಲಿಲ್ಲ. ಕಾಲೇಜಿನವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಮನೆಯ ಓನರು, ಮಗನಿಗೆ ಮನೆ ಬೇಕಾಗಿದೆ ಎಂದರು. ಅವರಿಗೆ ಇದ್ದವಳು ಒಬ್ಬಳೇ ಮಗಳು. ನಾವು ಚಾಮರಾಜಪೇಟೆಗೆ ಬಂದೆವು. ನಾನು ಅಲ್ಲಿಯೇ ಒಂದು ಶಾಲೆಯಲ್ಲಿ ಟೀಚರಾದೆ, ಮದುವೆಯ ಮಾತು ಮತ್ತೆ ಎತ್ತಲು ಬಿಡಲಿಲ್ಲ. ಅಪ್ಪ ಸಾಯುವ ತನಕ ತಮ್ಮನ ಜೊತೆ ನೇರವಾಗಿ ಮಾತಾಡಲಿಲ್ಲ. ಅವನು ಎದುರಿಗೇ ಕೂತಿದ್ದರೂ, "ಅವನಿಗೆ ಊಟಕ್ಕೆ ಏಳೋಕೆ ಹೇಳು" ಎಂದು ಅಮ್ಮನಿಗೆ ಹೇಳುತ್ತಿದ್ದರು.

ಇದೇ ಅಪ್ಪ ನಾವು ಚಿಕ್ಕವರಿದ್ದಾಗ ಶಿವರಾತ್ರಿಗೆ ಬರುತ್ತಿದ್ದ ಬೈರಾಗಿಗಳ ಕಾಲಿಗೆ ನಮ್ಮನ್ನು ಬೀಳಿಸಿದ್ದರು. ಗುಡಿಯ ಹಿಂದಿನ ಬಂಡೆಯ ಮೇಲೆ ಚಿಲುಮೆಯ ಹೊಗೆ ನೀಲಿಯಾಗಿ ಮೇಲೇಳುತ್ತಿದ್ದರೆ ಅಪ್ಪ ಕೈಮುಗಿದು ನಿಂತಿರುತ್ತಿದ್ದರು. ಅದು ಗಾಂಜಾ ಎಂದು ಅವರಿಗೆ ಗೊತ್ತಿತ್ತು. ಬೀಟಿನ ಪೊಲೀಸರಿಗೂ ಗೊತ್ತಿತ್ತು, ಅವರೂ ಕೈಮುಗಿಯುತ್ತಿದ್ದರು.

ತಮ್ಮ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಕಲಿತು ಅಂಗಡಿ ಇಟ್ಟ. ತುಮಕೂರಿನ ಕಡೆಯ ಹುಡುಗಿಯ ಜೊತೆ ಮದುವೆಯಾಯಿತು. ಅವಳಿಗೆ, ಅವಳ ಮನೆಯವರಿಗೆ ಜೈಲಿನ ವಿಷಯ ಹೇಳಲಿಲ್ಲ. "ಖುಲಾಸೆ ಆಯ್ತಲ್ಲ, ಇಲ್ಲದ್ದನ್ನ ಯಾಕೆ ಹೇಳ್ಬೇಕು?" ಎಂದು ಅಮ್ಮ ತೀರ್ಮಾನಿಸಿದ್ದಳು.

ಹೀಗಾಗಿ ಚರ್ಚೆಗೆ ಹೋಗುತ್ತೇನೆಂದು ನಾನು ಅಂಗಡಿಗೆ ಹೋಗಿ ಹೇಳಿದಾಗ ತಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಹೋಗ್ಬೇಕಾದ್ರೆ ಹೋಗು. ನನ್ನ ಸುದ್ದಿ ಮಾತ್ರ ಎತ್ಬೇಡ. ಮಗಳು ದೊಡ್ಡೋಳಾಗ್ತಿದಾಳೆ" ಎಂದ. ಎತ್ತಲ್ಲ ಎಂದು ಮಾತು ಕೊಟ್ಟೆ.

ಸಭಾಂಗಣ ಮುಕ್ಕಾಲು ತುಂಬಿತ್ತು. ನಿವೃತ್ತರು, ಜೀನ್ಸ್ ಹಾಕಿದ ಹುಡುಗ ಹುಡುಗಿಯರು, ಕಾಫಿ ಎಲ್ಲಿ ಎಂದು ಹುಡುಕುತ್ತಿದ್ದವರು. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು, ಇವತ್ತು ಗಾಂಜಾಕ್ಕೆ ಅವಕಾಶ ಕೊಟ್ಟರೆ ನಾಳೆ ಇಂಜೆಕ್ಷನ್ ಎಂದರು. ಮನೋವೈದ್ಯೆಯೊಬ್ಬರು ತಾವು ನೋಡಿದ ಹುಡುಗರ ಬಗ್ಗೆ ತಗ್ಗಿದ ದನಿಯಲ್ಲಿ ಹೇಳಿದರು. ಅವರ ಮಾತು ನನಗೆ ನಿಜವೆನಿಸಿತು. ವಕೀಲರೊಬ್ಬರು ಹಿಂದೆ ಸರ್ಕಾರದ ಲೈಸೆನ್ಸ್ ಪಡೆದ ಅಂಗಡಿಗಳಲ್ಲೇ ಇದು ಸಿಗುತ್ತಿತ್ತು ಎಂದು ನೆನಪಿಸಿದರು. ಕೊನೆಗೆ ತಮ್ಮನ ಆ ಗೆಳೆಯ ಎದ್ದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಖಾದಿ ಜುಬ್ಬಾ, ಒಳ್ಳೆಯ ಕನ್ನಡಕ. ಪೂನಾದಲ್ಲಿ ಓದಿ ಬಂದು ಜಾಹೀರಾತು ಕಂಪನಿ ನಡೆಸುತ್ತಾನೆ ಎಂದು ಪರಿಚಯಿಸಿದರು.

"ನಾನೂ ಸೇದಿದೀನಿ ಸ್ವಾಮಿ. ಇಲ್ಲೇ, ಇದೇ ಬಸವನಗುಡೀಲಿ. ಪೊಲೀಸರ ಕೈಗೂ ಸಿಕ್ಕಿದೀನಿ. ಏನಾಯ್ತು ನಂಗೆ? ಏನೂ ಆಗ್ಲಿಲ್ಲ. ನಿಮ್ಮ ಮುಂದೆ ನೆಟ್ಟಗೆ ನಿಂತಿದೀನಿ!" ಎಂದು ಎರಡೂ ಕೈ ಅಗಲಿಸಿದ. ಜನ ನಕ್ಕರು. ಹುಡುಗರು ಸೀಟಿ ಹಾಕಿದರು.

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸೇದಿದ್ದಕ್ಕೆ ಜೈಲು ಬೇಡ ಎಂದು ಅವನಿಗಿಂತ ಮೊದಲೇ, ಜಾಲರಿಯ ಮುಂದೆ ನಿಂತು, ನಾನು ಅಂದುಕೊಂಡಿದ್ದೆ. ನಾನು ಎಂದೂ ಗಟ್ಟಿಯಾಗಿ ಹೇಳಲಾಗದ ಮಾತು ಅವನ ಬಾಯಲ್ಲಿ ಅಷ್ಟು ಸಲೀಸಾಗಿ ಬರುತ್ತಿತ್ತು.

ಪ್ರಶ್ನೆಗಳ ಹೊತ್ತಿಗೆ ಕೈ ಎತ್ತಿದೆ. ಮೈಕ್ ಬಂತು. ಅವನು ನನ್ನನ್ನು ನೋಡಿದ, ಗುರುತು ಹಿಡಿದ. ಅವನ ಮುಖದ ನಗು ಒಂದು ಕ್ಷಣ ನಿಂತಿತು.

"ನಿಮಗೆ ಏನೂ ಆಗಲಿಲ್ಲ ಅಂದ್ರಿ. ಅವತ್ತು ನಿಮ್ಮ ಪಕ್ಕದಲ್ಲಿ ಕೂತಿದ್ದವರಿಗೆ ಏನಾಯ್ತು?"

ಅಷ್ಟೇ ಕೇಳಲು ಸಾಧ್ಯವಾದದ್ದು. ಉಳಿದದ್ದು ತಮ್ಮನಿಗೆ ಕೊಟ್ಟ ಮಾತಿನ ಆಚೆಗಿತ್ತು. ಅವನು ನೀರು ಕುಡಿದ.

"ತುಂಬಾ ಒಳ್ಳೆ ಪ್ರಶ್ನೆ ಮೇಡಂ. ನನ್ನ ಪಕ್ಕದಲ್ಲಿದ್ದೋನು ಜೈಲಿಗೆ ಹೋದ. ಅವನ ಭವಿಷ್ಯ ಹಾಳಾಯ್ತು. ಅದಕ್ಕೇ ಹೇಳ್ತಿರೋದು, ಈ ಕಾನೂನು ಬದಲಾಗ್ಲೇಬೇಕು!"

ಚಪ್ಪಾಳೆ. ಅವತ್ತಿನ ಸಭೆಯಲ್ಲೇ ಅತಿ ಜೋರಿನ ಚಪ್ಪಾಳೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ನನ್ನ ಕಡೆ ತಿರುಗಿ, "ಸೂಪರ್ ಪಾಯಿಂಟ್ ಆಂಟಿ" ಎಂದಳು.

ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವನು ಓಡಿಬಂದ.

"ಅಕ್ಕಾ, ಹೇಗಿದಾನೆ ಅವನು? ಎಷ್ಟ್ ಸಲ ಬರಬೇಕು ಅಂದ್ಕೊಂಡೆ ಗೊತ್ತಾ?"

"ಮನೆ ಗೊತ್ತಿರಲಿಲ್ವೇನೋ" ಎಂದೆ.

"ಅಪ್ಪ ಬಿಡಲಿಲ್ಲಕ್ಕಾ. ಆಮೇಲೆ... ಆಮೇಲೆ ಲೇಟಾಗ್ಬಿಡ್ತು." ಆಮೇಲೆ ಅವನ ಕಣ್ಣಲ್ಲಿ ಬೇರೇನೋ ಹೊಳೆಯಿತು. "ಮುಂದಿನ ತಿಂಗಳು ಒಂದು ಪ್ರತಿಭಟನೆ ಮಾಡ್ತಿದೀವಿ. ಆ ಹಳೇ ಜೈಲು ಈಗ ಪಾರ್ಕ್ ಆಗಿದೆಯಲ್ಲ, ಅಲ್ಲೇ. ಅವನು ಬಂದು ಅಲ್ಲಿ ನಿಂತು ಮಾತಾಡಿದ್ರೆ ಹೇಗಿರತ್ತೆ ಯೋಚನೆ ಮಾಡಿ. ಟೀವಿಯವರೆಲ್ಲ ಬರ್ತಾರೆ. ನಂಬರ್ ಕೊಡಿ ಅಕ್ಕಾ."

ನಾನು ಕೊಡಲಿಲ್ಲ. ಆಟೋ ಹತ್ತಿದೆ. ಆದರೂ ಅವನು ಹೇಗೋ ಅಂಗಡಿಯ ನಂಬರ್ ಹುಡುಕಿದ. ಫೋನ್ ಬಂದದ್ದನ್ನು ತಮ್ಮನೇ ಆಮೇಲೆ ಹೇಳಿದ.

"ಏನಂದೆ?"

"ಕಷ್ಟ ಕಣೋ, ಬೇರೆ ಯಾರಾದ್ರೂ ಸಿಗ್ತಾರೆ ನೋಡು ಅಂದೆ."

"ಬೈಲಿಲ್ವಾ?"

"ಗಿರಾಕಿ ನಿಂತಿದ್ರು" ಎಂದ.

ಪ್ರತಿಭಟನೆ ನಡೆದ ಮರುದಿನ ರಜೆಯಿತ್ತು. ತಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅವನ ಹೆಂಡತಿ ಬಡಿಸುತ್ತಾ, ಮೇಜಿನ ಮೇಲಿದ್ದ ಪತ್ರಿಕೆಯಲ್ಲಿನ ಫೋಟೋ ನೋಡಿ ನಿಂತಳು. ಫಲಕ ಹಿಡಿದು ಮುಂದಿನ ಸಾಲಿನಲ್ಲಿ ನಿಂತಿದ್ದವನು ಆ ಗೆಳೆಯನೇ.

"ನೋಡ್ರೀ, ಗಾಂಜಾ ಬೇಕಂತೆ ಇವರಿಗೆ. ಓದಿದೋರ ಥರ ಕಾಣ್ತಾರೆ. ಇಂಥೋರ್ನೆಲ್ಲ ಹಿಡಿದು ಒಳಗೆ ಹಾಕ್ಬೇಕು, ಆಗ ಬುದ್ಧಿ ಬರತ್ತೆ."

ತಮ್ಮನ ಮುಖ ನೋಡಲು ಧೈರ್ಯವಾಗಲಿಲ್ಲ.

"ಹೂಂ" ಎಂದ ಅವನು. "ಇನ್ನೊಂಚೂರು ಹುಳಿ ಹಾಕು."