ಹಾಡುವ ಬೀರು

ಎಂಬತ್ತರ ದಶಕದಲ್ಲಿ ನಾವು ಬಾಗಲಗುಂಟೆಯ ಒಂದು ವಠಾರದಲ್ಲಿದ್ದೆವು. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಯಜಮಾನರು ಒಂದು ಭಾನುವಾರ ಎರಡು ಸ್ಪೀಕರುಗಳ ಸ್ಟೀರಿಯೋ ಹೊತ್ತು ತಂದರು. ಅದನ್ನು ಮೇಜಿನ ಮೇಲೆ ಇಡುವ ಮುಂಚೆಯೇ ಅತ್ತೆ ಅಡ್ಡ ಬಂದರು.

“ಎಲ್ಲರ ಕಣ್ಣೂ ಇದರ ಮೇಲೇ ಬೀಳುತ್ತೆ ಕಣೋ. ಬೀರೊಳಗೆ ಇಡು.”

ನನ್ನ ಮದುವೆಯ ಸೀರೆಗಳು ಟ್ರಂಕಿಗೆ ಇಳಿದವು. ಯಜಮಾನರು ಮರದ ಬೀರುವಿನ ಹಿಂಭಾಗಕ್ಕೆ ತೂತು ಕೊರೆದು ವೈರು ಎಳೆದರು. ಬಾಗಿಲು ಮುಚ್ಚಿದರೆ ಯಾರೋ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಿತ್ತು. ಅದಕ್ಕೇ ಅತ್ತೆ ವಾಲ್ಯೂಮ್ ಪೂರ್ತಿ ಜಾಸ್ತಿ ಮಾಡಿಸುತ್ತಿದ್ದರು. ಹಾಡು ವಠಾರದ ಕೊನೆಯ ಮನೆಯವರೆಗೂ ಹೋಗುತ್ತಿತ್ತು.

ನನಗೆ ರೇಗಿತು. “ಊರಿಗೆಲ್ಲ ಕೇಳಿಸ್ತಿದೆಯಲ್ಲ ಅತ್ತೆ, ಬಚ್ಚಿಟ್ಟು ಏನು ಬಂತು?”

“ದೃಷ್ಟಿ ತಾಗೋದು ಕಣ್ಣಿಂದ ಕಣೇ. ಕಿವಿಯಿಂದ ಯಾರಿಗಾದ್ರೂ ತಾಗಿದ್ದುಂಟಾ?”

ಸಂಜೆಯಾದರೆ ಅಕ್ಕಪಕ್ಕದ ಹೆಂಗಸರು ಸೊಪ್ಪು ಬಿಡಿಸಲು ನಮ್ಮ ನಡುಮನೆಗೇ ಬರತೊಡಗಿದರು. ಮುಚ್ಚಿದ ಬೀರುವಿನ ಎದುರು ಕೂತು ತಲೆದೂಗುತ್ತಿದ್ದರು. ಒಳಗೇನಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಅತ್ತೆ ಗೆದ್ದವರಂತೆ ನನ್ನ ಕಡೆ ನೋಡುತ್ತಿದ್ದರು.

ಆಯುಧಪೂಜೆ ಬಂತು. ಅತ್ತೆ ಬೀರುವಿನ ಬಾಗಿಲು ತೆಗೆಯದೆ, ಹೊರಗಿನಿಂದಲೇ ಅದಕ್ಕೆ ಕುಂಕುಮವಿಟ್ಟರು. ಪಕ್ಕದ ಮನೆಯಾಕೆ ಒಂದು ಮೊಳ ಸೇವಂತಿಗೆ ತಂದು ಬೀರುವಿನ ಹಿಡಿಗೆ ಸುತ್ತಿದಳು. ಆಮೇಲೆ ಸೆರಗಿನ ಮರೆಯಿಂದ ಹೊಸ ಕ್ಯಾಸೆಟ್ಟೊಂದನ್ನು ತೆಗೆದು, ಅತ್ತೆಯ ಎದುರೇ ನನ್ನ ಕೈಗಿಟ್ಟಳು.

“ಅಕ್ಕಾ, ಇದನ್ನ ಒಂದ್ಸಲ ನಿಮ್ಮ ಬೀರು ಕೈಲಿ ಹಾಡಿಸ್ರೀ.”